ಬೇವು ಒಂದೇ, ಗುಡಿ ಬೇರೆ

ಯುಗಾದಿಯ ಬೆಳಿಗ್ಗೆ ಉಣಕಲ್ ಕೆರೆಯ ಕಡೆಯಿಂದ ಓಣಿಗಳಲ್ಲಿ ನಡೆದು ಬಂದರೆ ಬಾಗಿಲು ಬಾಗಿಲಿಗೂ ಮಾವಿನ ತೋರಣ. ನಡುವೆ ಎಲ್ಲೋ ಒಂದು ಮನೆಯ ಕಿಟಕಿಯಿಂದ ಬಿದಿರುಗಳವೊಂದು ಹೊರಚಾಚಿರುತ್ತದೆ. ಅದರ ತುದಿಗೆ ಜರಿಯ ಬಟ್ಟೆ, ಬೇವಿನ ಟೊಂಗೆ, ಸಕ್ಕರೆ ಬಿಲ್ಲೆಗಳ ಸರ, ಮೇಲೆ ಬೋರಲು ಹಾಕಿದ ತಾಮ್ರದ ತಂಬಿಗೆ. ಅದು ಮರಾಠಿಗರ ಗುಡಿ. ಇಂಥ ಕೆಲವು ಮನೆಗಳಲ್ಲಿ ತಂದೆಯ ಮಾತು ಕನ್ನಡ, ತಾಯಿಯದು ಮರಾಠಿ. ಅಲ್ಲಿನ ಮಗುವಿಗೆ ಎರಡೂ ಕಡೆಯ ಹಬ್ಬ ದಕ್ಕುವುದು ಹೇಗೆ ಎಂಬುದು ಇಂದಿನ ಮಾತು.

ಹುಬ್ಬಳ್ಳಿ-ಧಾರವಾಡಕ್ಕೆ ಇಂಥ ಮನೆಗಳು ಹೊಸವಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ನೌಕರಿ, ವ್ಯಾಪಾರ, ಬೀಗತನ ಎಲ್ಲವೂ ಆಚೀಚೆ ನಡೆದಿದ್ದವು. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಇಡೀ ಕನ್ನಡನಾಡು ಹಬ್ಬದ ದಿನ ಗುನುಗುವ ಯುಗಾದಿಯ ಹಾಡು ಅವರದೇ. 1963ರ 'ಕುಲವಧು' ಚಿತ್ರದಲ್ಲಿ ಎಸ್. ಜಾನಕಿಯವರ ದನಿಯಲ್ಲಿ ಅದು ಮನೆಮನೆ ಸೇರಿತು.

ಎರಡೂ ಕಡೆಯ ಪಂಚಾಂಗಗಳಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ವರ್ಷ ಹುಟ್ಟುವುದು ಚೈತ್ರ ಶುದ್ಧ ಪಾಡ್ಯಕ್ಕೆ. ಹಾಗಾಗಿ ಯುಗಾದಿಯೂ ಗುಡಿ ಪಾಡ್ವಾವೂ ಒಂದೇ ದಿನ. ಅವರಿಗೂ ಬೇವು, ನಮಗೂ ಬೇವು. ಇವರ ಹೋಳಿಗೆ ಅವರ ಪುರಣಪೋಳಿ. ನಮ್ಮ ಕಡೆ ಬೇವನ್ನು ಬೆಲ್ಲದ ನೀರಿಗೆ ಹಾಕಿ, ಪುಠಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ ಬೆರೆಸಿ ಲೋಟದಲ್ಲಿ ಕುಡಿಯುತ್ತಾರೆ ಎಂಬುದನ್ನು ಬಿಟ್ಟರೆ ಊಟದ ಎಲೆಯಲ್ಲಿ ಹೆಚ್ಚಿನ ಭೇದವಿಲ್ಲ. ಮೈಸೂರು ಕಡೆಯವರು ಈ 'ಕುಡಿಯುವ ಬೇವು' ಕಂಡು ಮರಾಠಿಗರಿಗಿಂತ ಹೆಚ್ಚು ಬೆರಗಾಗುವುದುಂಟು!

ತೊಡಕು ಇರುವುದು ಈ ಹೋಲಿಕೆಯಲ್ಲೇ. ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೋ ಮೂಲದ ಒಂದು ಮನೆಯನ್ನು ನೋಡಿ. ಜನವರಿ 6ರಂದು, ಮೂವರು ರಾಜರ ಹಬ್ಬಕ್ಕೆ, ಅವರು ಉಂಗುರದಾಕಾರದ ಸಿಹಿ ರೊಟ್ಟಿ ಕತ್ತರಿಸುತ್ತಾರೆ. ಒಳಗೆ ಬಾಲ ಯೇಸುವಿನ ಪುಟ್ಟ ಗೊಂಬೆ ಅಡಗಿರುತ್ತದೆ. ಅದು ಯಾರ ತುಂಡಿಗೆ ಬಂತೋ ಅವರು ಫೆಬ್ರವರಿ 2ರಂದು ಎಲ್ಲರಿಗೂ ತಮಾಲೆ ಉಣಿಸಬೇಕು. ಅದು ಮೆಕ್ಕೆಜೋಳದ ಹಿಟ್ಟನ್ನು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ, ನಮ್ಮ ಕಡುಬನ್ನು ನೆನಪಿಸುವ ತಿಂಡಿ. ನೆರೆಮನೆಯವರು ಕ್ರಿಸ್ಮಸ್ ಗಿಡ ತೆಗೆದಿಟ್ಟ ಮೇಲೂ ಈ ಮನೆಯಲ್ಲಿ ಹಬ್ಬ ನಡೆದಿರುತ್ತದೆ. ತಾಯಿ ಬಿಟ್ಟರೆ ಬಿಟ್ಟದ್ದು ಎದ್ದು ಕಾಣುತ್ತದೆ, ಮಗುವೇ ಕೇಳುತ್ತದೆ.

ಉಣಕಲ್ಲಿನ ಮನೆಯಲ್ಲಿ ಹಾಗಲ್ಲ. ಗುಡಿ ಏರಿಸದಿದ್ದರೂ ಹಬ್ಬ ಆಗಿಯೇ ಆಗುತ್ತದೆ. ತೋರಣವಿದೆ, ಬೇವಿದೆ, ಹೋಳಿಗೆಯಿದೆ. ಒಂದು ವರ್ಷ ಬಿದಿರು ಸಿಗಲಿಲ್ಲ, ಮರುವರ್ಷ ಹೊಸ ಫ್ಲ್ಯಾಟಿನಲ್ಲಿ ಕಟ್ಟಲು ಜಾಗವಿರಲಿಲ್ಲ. ಮೂರನೆಯ ವರ್ಷ ಯಾರಿಗೂ ನೆನಪೇ ಆಗುವುದಿಲ್ಲ. ತಾಯಿಯ ಕಡೆಯ ಹಬ್ಬ ಸದ್ದಿಲ್ಲದೆ ತಂದೆಯ ಕಡೆಯದರಲ್ಲಿ ಕರಗಿಹೋಗುತ್ತದೆ. ಜಗಳವಿಲ್ಲ, ಯಾರ ತಪ್ಪೂ ಇಲ್ಲ.

"ಅವ್ವಾ, ಗುಡಿ ಯಾಕ ಏರಸ್ತಾರ?" ಎಂದು ಮಗು ಕೇಳಿದಾಗ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ, "ಎರಡೂ ಒಂದs ಬಿಡು." ಒಳ್ಳೆಯ ಮನಸ್ಸಿನ ಉತ್ತರವೇ, ಆದರೆ ಮುಂದಿನ ಪ್ರಶ್ನೆಯ ಬಾಯಿ ಕಟ್ಟುತ್ತದೆ. ಬೇರೆ ಎಂಬುದನ್ನು ಬೇರೆಯಾಗಿಯೇ ತೋರಿಸುವುದು ಮೇಲು: ಇದು ಅಜ್ಜನ ಮನೆಯದು, ಇದು ಆಯಿಯ ಮನೆಯದು. ಒಂದಕ್ಕೆ ಯುಗಾದಿ ಎನ್ನಲಿ, ಒಂದಕ್ಕೆ ಪಾಡ್ವಾ ಎನ್ನಲಿ. ಕಥೆಗಳನ್ನು ಆಮೇಲೆ ಹೇಳಿದರೂ ನಡೆದೀತು. ಮೊದಲು ಮಗುವಿನ ಕೈಗೆ ಕೆಲಸ ಬೇಕು. ಗಳಕ್ಕೆ ಎಣ್ಣೆ ಹಚ್ಚಿ ಒರೆಸುವುದು, ಬಟ್ಟೆಯ ನಿರಿಗೆ ಹಿಡಿಯುವುದು, ತಂಬಿಗೆ ಬೀಳದಂತೆ ಕೆಳಗಿನಿಂದ ನೋಡಿ ಕೂಗುವುದು. ಬೇವಿನ ಲೋಟ ಹಂಚುವ ಪಾಳಿಯೂ ಅದರದೇ ಆಗಲಿ.

ಸಕ್ಕರೆ ಸರವನ್ನು ಮಾತ್ರ ಸಂಜೆಯವರೆಗೆ ಮುಟ್ಟುವಂತಿಲ್ಲ. ದಿನವಿಡೀ ಮಕ್ಕಳ ಕಣ್ಣು ಅದರ ಮೇಲೆಯೇ. ಹೊತ್ತು ಮುಳುಗುವ ಮುನ್ನ ಅರಿಶಿನ ಕುಂಕುಮವಿಟ್ಟು ಗುಡಿ ಇಳಿಸಿದ ಮೇಲೆ ಸರ ಬಿಚ್ಚುತ್ತಾರೆ. ಆಗ ಓಣಿಯ ಮಕ್ಕಳೆಲ್ಲ ಅಂಗಳದಲ್ಲಿ ಸೇರಿ, ದೊಡ್ಡ ಬಿಲ್ಲೆ ತನಗೇ ಬೇಕೆಂದು ಕನ್ನಡದಲ್ಲೇ ಜಗಳಾಡುತ್ತಾರೆ.