ರಕ್ತ ನಿಲ್ಲದವರಿಗೆ ಕಾಲಿನ ರಕ್ತನಾಳ ಕಟ್ಟಿಕೊಂಡರೆ



ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಗಂಡಸರು ಸಾಯುತ್ತಿದ್ದ ಒಂದು ಹಳ್ಳಿಯ ಬಗ್ಗೆ ಸ್ಪೇನಿನ ವೈದ್ಯ ಅಲ್ ಜಹ್ರಾವಿ ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದರು. ಇಂಥ ಕಾಯಿಲೆಗೆ ಇಂದು ಹಿಮೋಫಿಲಿಯಾ ಎನ್ನುತ್ತೇವೆ. ರಕ್ತ ಹೆಪ್ಪುಗಟ್ಟಲು ಬೇಕಾದ 8ನೇ ಅಥವಾ 9ನೇ ಫ್ಯಾಕ್ಟರ್ ಕಡಿಮೆಯಿರುವುದೇ ಇದಕ್ಕೆ ಕಾರಣ. ಎಷ್ಟೋ ಮನೆಗಳಲ್ಲಿ ಮಗುವಿನ ಖತ್ನಾ ಆಗಿ ರಕ್ತ ನಿಲ್ಲದಿದ್ದಾಗಲೇ ಇದು ಗೊತ್ತಾಗುತ್ತದೆ.

ಫ್ಯಾಕ್ಟರ್ ಚುಚ್ಚುಮದ್ದು ಬಂದ ಮೇಲೆ ಇವರು ಐವತ್ತು, ಅರವತ್ತು ದಾಟುತ್ತಿದ್ದಾರೆ. ಸಂತೋಷವೇ. ಆದರೆ ಆ ವಯಸ್ಸಿನ ರೋಗಗಳೂ ಬರುತ್ತವೆ. "ರಕ್ತವೇ ಹೆಪ್ಪುಗಟ್ಟದವನಿಗೆ ನಾಳ ಹೇಗೆ ಕಟ್ಟೀತು?" ಎಂದು ನೀವು ಕೇಳಬಹುದು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತದೆ. ಫ್ಯಾಕ್ಟರ್ ಕಡಿಮೆಯಿದ್ದರೂ ಅದು ತಪ್ಪುವುದಿಲ್ಲ.

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುತ್ತದೆಯೇ? ಅದು ನಾಳದ ತೊಂದರೆ ಇರಬಹುದು. ಕೀಲಿನೊಳಗೆ ರಕ್ತ ಸೋರಿದರೆ ಕೀಲು ಊದಿ ಬಿಸಿಯಾಗುತ್ತದೆ, ಕೂತರೂ ನೋವು ಹೋಗದು. ಹಿಮೋಫಿಲಿಯಾ ಇದ್ದವರು ಎರಡನ್ನೂ ಒಂದೇ ಎಂದು ಸುಮ್ಮನಿರುವುದುಂಟು. ಸೂಜಿಯಿಲ್ಲದ ಸುಲಭ ಪರೀಕ್ಷೆಯಿದೆ: ಕಾಲಿನ ಗಿಣ್ಣಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದು ತಿಳಿಯಬೇಕು.

ಚಿಕಿತ್ಸೆಯ ಇಕ್ಕಟ್ಟು ಇಲ್ಲಿದೆ. ಬೇರೆಯವರಿಗೆ ಕೊಡುವ ಆಸ್ಪಿರಿನ್ ಇವರಲ್ಲಿ ರಕ್ತಸ್ರಾವ ತರಬಹುದು. ಫ್ಯಾಕ್ಟರ್ ಮಟ್ಟ ನೋಡಿ ರಕ್ತರೋಗ ತಜ್ಞರೇ ಕೊಡಬೇಕು. ಅಂಗಡಿಯಿಂದ ತಂದು ನುಂಗಬಾರದು. ಬೀಡಿ ಬಿಡುವುದು, ಸಕ್ಕರೆ ಮತ್ತು ಬಿ.ಪಿ. ಹತೋಟಿ, ಕೊಬ್ಬಿನ ಮಾತ್ರೆ, ವೈದ್ಯರು ಹೇಳಿದಷ್ಟು ನಡಿಗೆ – ಮೊದಲು ಇವು. ಬಲೂನು ಹಾಕಿ ನಾಳ ಬಿಡಿಸಬೇಕಾದರೆ ಮುಂಚೆಯೇ ಫ್ಯಾಕ್ಟರ್ ಕೊಡಬೇಕು. ಕಡಿಮೆಯಾದರೆ ರಕ್ತ ಸೋರುತ್ತದೆ, ಹೆಚ್ಚಾದರೆ ಬಿಡಿಸಿದ ನಾಳವೇ ಮತ್ತೆ ಕಟ್ಟಬಹುದು. ಸ್ಟೆಂಟ್ ಇಟ್ಟರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಕೆಲಕಾಲ ಬೇಕೇಬೇಕು. ಆದ್ದರಿಂದ ನಾಳದ ಶಸ್ತ್ರವೈದ್ಯರೂ ರಕ್ತರೋಗ ತಜ್ಞರೂ ಮೊದಲೇ ಕೂತು ಮಾತಾಡಬೇಕು.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡು ಮರಗಟ್ಟಿದರೆ ಬೆಳಗಾಗಲಿ ಎನ್ನಬೇಡಿ. ಕೆಲವೇ ಗಂಟೆಗಳಲ್ಲಿ ಕಾಲು ಹೋಗಬಹುದು. ನಮ್ಮ ದೇವರಾಯಸಮುದ್ರ ಹೆದ್ದಾರಿಯ ಮೇಲಿದೆ. ಕೋಲಾರ, ಬೆಂಗಳೂರಿನ ದಾರಿ ತೆರೆದಿದೆ.

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯಾ ಇರುವವರು. ಓದಿ ವೈದ್ಯರಾದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಈ ಕಾಯಿಲೆ ಸೇರಿದೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಕಾಯಿಲೆಯ ಹೆಸರು, ಯಾವ ಫ್ಯಾಕ್ಟರ್ ಎಂಬುದನ್ನು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲಿಡಿ. ಓದು ಕಲಿತದ್ದಕ್ಕೆ ಮನೆಯವರಿಗೆ ಇಷ್ಟಾದರೂ ಉಪಯೋಗವಾಗಲಿ.