ನೆಲ ಬಲ್ಲವರು ಮೊದಲೇ ಬಂದಾಗ



ಮೌಂಟನ್ ವ್ಯೂನ ಚಾರ್ಲ್‌ಸ್ಟನ್ ರಸ್ತೆಯ ಬದಿಯಲ್ಲಿ 5 ಎಕರೆಯ ಒಂದು ಉದ್ಯಾನವಿದೆ. ಪಕ್ಕದಲ್ಲೇ ಗೂಗಲ್ ಕಚೇರಿಗಳಿರುವುದರಿಂದ ದಾರಿಹೋಕರು ಅದನ್ನು ಕಂಪನಿಯ ಹಿತ್ತಿಲೆಂದು ತಿಳಿದು ಮುಂದೆ ಸಾಗುವುದುಂಟು. ಅದು ಸಾರ್ವಜನಿಕ ಉದ್ಯಾನ. ಬ್ಯಾಡ್ಜ್ ಇಲ್ಲದವರೂ ಹೋಗಿ ಕೂರಬಹುದು.

ಅಲ್ಲಿ ಮೊದಲು ಇದ್ದದ್ದು ಹೊಲ. ಸುತ್ತಲಿನ ಕೃಷಿಯೆಲ್ಲ ಮುಗಿದ ಮೇಲೂ ಉಳಿದಿದ್ದ ಆ ನೆಲ ನಗರದ ಸ್ವತ್ತಾಗಿತ್ತು. 1994ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಗಾಗಿ 26 ಎಕರೆಯ ಯೋಜನೆ ಸಿದ್ಧವಾದಾಗ ಕಟ್ಟಡಗಳನ್ನು ಸ್ಟುಡಿಯೋಸ್ ಆರ್ಕಿಟೆಕ್ಚರ್ ಸಂಸ್ಥೆಯೂ, ಬಯಲನ್ನು ಎಸ್‌ಡಬ್ಲ್ಯೂಎ ಗ್ರೂಪ್‌ನ ಭೂದೃಶ್ಯ ವಾಸ್ತುಶಿಲ್ಪಿಗಳೂ ವಿನ್ಯಾಸಗೊಳಿಸಿದರು. ಸುಮಾರು 2,000 ಕಾರುಗಳನ್ನು ನೆಲದಡಿಗೆ ಇಳಿಸಲಾಯಿತು. ಡಾಂಬರು ನುಂಗಬೇಕಿದ್ದ ಜಾಗ ಹುಲ್ಲಿಗೆ, ನೀರಿಗೆ, ಕಾಲುದಾರಿಗೆ ಒದಗಿತು. ಕೆಲಸ ಮುಗಿದದ್ದು 1997ರಲ್ಲಿ. 1999ರಲ್ಲಿ ಅಮೆರಿಕದ ಭೂದೃಶ್ಯ ವಾಸ್ತುಶಿಲ್ಪಿಗಳ ಸಂಘ ಇದಕ್ಕೆ ತನ್ನ ಶತಮಾನೋತ್ಸವದ ಪದಕ ನೀಡಿತು. ಗೂಗಲ್ ಬಾಡಿಗೆಗೆ ಬಂದದ್ದು 2003ರಲ್ಲಿ.

ಕಾರುಗಳನ್ನು ಕೆಳಗಿಳಿಸಿ ಮೇಲೆ ಮರ ಬೆಳೆಸುವುದು ಹೇಳಿದಷ್ಟು ಸುಲಭವಲ್ಲ. ನೆನೆದ ಮಣ್ಣು ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 2 ಟನ್ ತೂಗುತ್ತದೆ. ಮರ ಎಲ್ಲಿ ನಿಲ್ಲುತ್ತದೆ, ಬೇರಿಗೆ ಎಷ್ಟು ಆಳ ಬೇಕು, ಮಳೆನೀರು ಯಾವ ಕಡೆ ಹರಿದುಹೋಗುತ್ತದೆ ಎಂಬುದು ಕಂಬ, ತೊಲೆಗಳ ಲೆಕ್ಕಕ್ಕೆ ಮುಂಚೆಯೇ ತೀರ್ಮಾನವಾಗಬೇಕು. ಚಾವಣಿ ಹಾಕಿದ ಮೇಲೆ ಕರೆಸಿಕೊಂಡ ಭೂದೃಶ್ಯ ವಾಸ್ತುಶಿಲ್ಪಿಗೆ ಉಳಿಯುವುದು ಕುಂಡಗಳನ್ನು ಜೋಡಿಸುವ ಕೆಲಸ ಮಾತ್ರ. ದುರದೃಷ್ಟವಶಾತ್ ಬಹುಪಾಲು ಯೋಜನೆಗಳಲ್ಲಿ ಆ ವೃತ್ತಿಗೆ ದಕ್ಕಿರುವ ಸ್ಥಾನವೂ ಇಷ್ಟೇ.

ಇದನ್ನು ಕೇವಲ ಕಂಪನಿಯ ಔದಾರ್ಯವೆಂದು ಬಗೆಯಬಾರದು. ನೆಲ ನಗರದ್ದಾಗಿತ್ತು, ಜನರಿಗೆ ಪಾಲು ಬೇಕೆಂದು ಕೇಳುವ ಬಲ ನಗರಕ್ಕೆ ಬಂದದ್ದು ಅದರಿಂದಲೇ. ಒಳ್ಳೆಯ ವಿನ್ಯಾಸಕಾರರು ಸಿಕ್ಕರೂ ಆ ಬಲವಿಲ್ಲದಿದ್ದರೆ ಬಹುಶಃ ಅಲ್ಲೊಂದು ಸೊಗಸಾದ ಖಾಸಗಿ ತೋಟ ಏಳುತ್ತಿತ್ತು.

ಉತ್ತರಕ್ಕೆ ಸ್ವಲ್ಪ ನಡೆದರೆ ಶೋರ್‌ಲೈನ್. ಅಲ್ಲಿಯ ಹಸಿರು ದಿಬ್ಬಗಳ ಅಡಿಯಲ್ಲಿರುವುದು ಸ್ಯಾನ್ ಫ್ರಾನ್ಸಿಸ್ಕೋದಿಂದ ತಂದು ಸುರಿದ ಕಸ. ಇಂಥ ನೆಲದಲ್ಲಿ ಪಾಠವೇ ತಲೆಕೆಳಗು. ಬೇರೆಡೆ ಮಳೆನೀರು ಇಂಗಬೇಕು. ಇಲ್ಲಿ ಇಂಗಬಾರದು, ಇಂಗಿದರೆ ಕಸದ ವಿಷ ಕೆಳಗಿಳಿಯುತ್ತದೆ. ಬೇರು ಮುಚ್ಚಳದ ಜೇಡಿಯನ್ನು ಸೀಳಬಾರದು. ನೆಲ ವರ್ಷವರ್ಷವೂ ಅಲ್ಲಲ್ಲಿ ಕುಸಿಯುತ್ತಿರುತ್ತದೆ. ಬಯಲು ರಂಗಮಂದಿರ ತೆರೆದ 1986ರಲ್ಲಿ, ಹುಲ್ಲುಹಾಸಿನ ಮೇಲೆ ಕುಳಿತವರು ಸಿಗರೇಟು ಹಚ್ಚಿದಾಗ ಕೆಳಗಿನಿಂದ ಒಸರುತ್ತಿದ್ದ ಮೀಥೇನ್ ಹೊತ್ತಿಕೊಂಡು ಸಣ್ಣಪುಟ್ಟ ಬೆಂಕಿಗಳು ಕಾಣಿಸಿಕೊಂಡವು. ವಾಸ್ತುಶಿಲ್ಪಿ, ಎಂಜಿನಿಯರ್, ಭೂದೃಶ್ಯ ವಾಸ್ತುಶಿಲ್ಪಿ ಒಂದೇ ಮೇಜಿನ ಸುತ್ತ ಕೂರದೆ ಇಂಥ ಜಾಗದಲ್ಲಿ ಒಂದು ಬೆಂಚು ಹಾಕುವುದೂ ಕಷ್ಟ.

ಆ ಮೇಜಿನಲ್ಲಿ ಜಗಳವೂ ಇರುತ್ತದೆ. ನೆರೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 1880ರ ದಶಕದಲ್ಲಿ ನಕ್ಷೆ ಹಾಕಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಗುಡ್ಡದ ಮೇಲೆ ಕಟ್ಟೋಣವೆಂದರು. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಬಯಲೇ ಬೇಕೆಂದು ಹಟ ಹಿಡಿದರು. ಗೆದ್ದದ್ದು ಹಣ. ಆದರೆ ಬೇಸಿಗೆಯಿಡೀ ಒಣಗುವ ಈ ಸೀಮೆಗೆ ನ್ಯೂ ಇಂಗ್ಲೆಂಡಿನ ಹುಲ್ಲುಹಾಸು ಒಗ್ಗದು ಎಂಬ ಅವರ ವಾದದ ಗುರುತು ಅಲ್ಲಿಯ ಕಮಾನು ಪಡಸಾಲೆಗಳಲ್ಲಿ ಇಂದಿಗೂ ಉಳಿದಿದೆ.

ಇಲ್ಲಿ ನೆರೆದ ಕನ್ನಡಿಗರಲ್ಲಿ ಅನೇಕರ ಮನಸ್ಸು ಈ ಹೊತ್ತಿಗೆ ಬೆಂಗಳೂರಿಗೆ ಹೋಗಿರಬಹುದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ನೌಕರರು ಟ್ರ್ಯಾಕ್ಟರ್ ಏರಿ ಹೋದ ಚಿತ್ರಗಳನ್ನು ಲೋಕವೇ ನೋಡಿತು. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳ ಮೇಲೆ ಗೋಡೆ ಎದ್ದರೆ ನೀರು ಬೇರೆಲ್ಲಿಗೆ ಹೋಗಬೇಕು? ಹಿಂದೆ ಊರಿನ ನೀರುಗಂಟಿಗೆ ತೂಬು, ಕೋಡಿ, ಹಳ್ಳದ ತಿರುವು ಎಲ್ಲ ಬಾಯಿಪಾಠವಾಗಿತ್ತು. ಆ ಅರಿವು ಹೊಂದಿದವರು ಬಹುಮಟ್ಟಿಗೆ ದಲಿತರು, ಬಡವರು. ಆದ್ದರಿಂದಲೇ ಅದನ್ನು ಯಾರೂ ವಿದ್ಯೆಯೆಂದು ಗಣಿಸಲಿಲ್ಲ. ನೀರುಗಂಟಿ ಹೋದ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಕ್ಯಾಲಿಫೋರ್ನಿಯಾ 1953ರಲ್ಲೇ ಭೂದೃಶ್ಯ ವಾಸ್ತುಶಿಲ್ಪವನ್ನು ಪರವಾನಗಿಯ ವೃತ್ತಿಯಾಗಿಸಿತು. ಭಾರತದ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ನೋಂದಣಿಯಿಲ್ಲ.

ಇಲ್ಲಿ ದುಡಿದ ಡಾಲರು ಅಲ್ಲಿ ಫ್ಲ್ಯಾಟುಗಳಾಗಿ ಏಳುತ್ತಿದೆ. ಕೊಳ್ಳುವವರು ಈಜುಕೊಳ, ಕ್ಲಬ್‌ಹೌಸ್ ವಿಚಾರಿಸುತ್ತಾರೆ. ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯಲ್ಲಿ ಕೆರೆ, ಕಾಲುವೆ, ಖರಾಬು ಭೂಮಿ ಎಲ್ಲವೂ ಗುರುತಾಗಿರುತ್ತವೆ. ಮುಂಗಡ ಕಳಿಸುವ ಮೊದಲು ಬಿಲ್ಡರನನ್ನು ಎರಡು ಪ್ರಶ್ನೆ ಕೇಳಬಹುದು: ಆ ನಕ್ಷೆಯನ್ನು ಯೋಜನೆಯ ಭೂದೃಶ್ಯ ವಾಸ್ತುಶಿಲ್ಪಿ ನೋಡಿದ್ದಾರೆಯೇ? ನೋಡಿದ್ದು ಪಾಯ ತೋಡುವ ಮೊದಲೋ, ಆಮೇಲೋ?