ಕರೆ ಬಂದೊಡನೆ ಓಡುವವರ ಕುಡಿತ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್, ವಿದ್ಯುತ್ ಮತ್ತು ಅರಣ್ಯ ಕಾವಲಿನ ಕೆಲಸಗಾರರೂ ಅವರ ಮನೆಯವರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಾನನಿರೋಧದ ಉಪದೇಶ ಮಾಡಲು ನಾನು ಬಂದಿಲ್ಲ. ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಕೇಳಿ, ಕೈ ತಟ್ಟಿ, ನೇರವಾಗಿ ಎದುರಿನ ಅಂಗಡಿಗೇ ಹೋದವರನ್ನೂ ನಾನು ಬಲ್ಲೆ.

ಶರಾವತಿಯ ಹಿನ್ನೀರಿನ ಕಡೆಯ ಒಬ್ಬ ಆಂಬುಲೆನ್ಸ್ ಚಾಲಕ ನನಗೆ ಹೇಳಿದ ಮಾತಿನಿಂದ ಆರಂಭಿಸುತ್ತೇನೆ. "ಮಾರಾಯ್ರೆ, ಸತ್ತವರ ಲೆಕ್ಕ ಮರೆತು ಹೋಗ್ತದೆ. ದಡದಲ್ಲಿ ಲಾಂಚಿಗೆ ಕಾಯ್ತಾ ಕೂತಿದ್ದು ಮಾತ್ರ ಮರೆಯೋದಿಲ್ಲ" ಎಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ನಾಡಿಗೆಲ್ಲ ಬೆಳಕಾಯಿತು, ತುಮರಿ ಕಡೆಯ ಜನರಿಗೆ ಮಾತ್ರ ಸಾಗರ ದೂರವಾಯಿತು. 2025ರ ಜುಲೈ 14ರಂದು ಸೇತುವೆ ತೆರೆಯುವವರೆಗೆ, ಅರವತ್ತು ವರ್ಷ, ಹೆರಿಗೆಯ ಹೆಂಗಸೂ ಹಾವು ಕಚ್ಚಿದವನೂ ಲಾಂಚಿಗೆ ಕಾಯಬೇಕಾಗಿತ್ತು. ಹಿಂದೆ ಮಲಗಿದವನ ಉಸಿರು ಎಳೆಯುತ್ತಿದೆ, ಲಾಂಚು ಆಚೆ ದಡದಲ್ಲಿದೆ, ಮನೆಯವರು ನಿಮ್ಮ ಮುಖ ನೋಡುತ್ತಿದ್ದಾರೆ. ನೀವು ಏನು ಮಾಡಬಲ್ಲಿರಿ? ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಒಂದು ನೈಂಟಿ ಹಾಕಿದ, ಬಂತು. ಆರು ತಿಂಗಳಲ್ಲಿ ನೈಂಟಿ ಕ್ವಾರ್ಟರ್ ಆಯಿತು. ಈಗ ಸೇತುವೆ ಬಂದಿದೆ. ಅವನ ಕ್ವಾರ್ಟರ್ ಹೋಗಿಲ್ಲ.

ಇದನ್ನು ಚಟವೆಂದು ಕರೆದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವನು ಕುಡಿದದ್ದು ಮೋಜಿಗಲ್ಲ, ನಿದ್ರೆಗೆ. ಇಲ್ಲಿಯೇ ಮದ್ಯ ಮಾಡುವ ಮೋಸವನ್ನು ತಿಳಿಯಬೇಕು. ಅದು ಬೇಗ ಮಲಗಿಸುತ್ತದೆ, ನಿಜ. ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ರೆಯನ್ನು ಒಡೆಯುತ್ತದೆ. ಎರಡು ಮೂರು ಗಂಟೆಗೆ ಬೆವತು ಎದ್ದು ಕೂರುತ್ತಾನೆ, ಕಂಡದ್ದೆಲ್ಲ ಮತ್ತೆ ಕಣ್ಣ ಮುಂದೆ ಬರುತ್ತದೆ. ಮರುದಿನ ಇನ್ನಷ್ಟು ದಣಿವು, ಇನ್ನಷ್ಟು ಸಿಡುಕು, ಸಂಜೆಗೆ ಇನ್ನಷ್ಟು ಕುಡಿತ. ಮೈ ಒಗ್ಗಿಕೊಂಡ ಹಾಗೆ ಅದೇ ನಿದ್ರೆಗೆ ಹೆಚ್ಚು ಹೆಚ್ಚು ಬೇಕಾಗುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಗಾಯವೇ ಇಲ್ಲದ ಸಿಪಾಯಿಗಳು ನಡುಗುತ್ತಾ, ಮಾತು ನಿಂತು ಆಸ್ಪತ್ರೆಗೆ ಬಂದರು. ಅಂಥವರಲ್ಲಿ ಕೆಲವರನ್ನು ಹೇಡಿಗಳೆಂದು ಗುಂಡಿಟ್ಟು ಕೊಂದದ್ದೂ ಉಂಟು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಆಘಾತದ ನಂತರದ ಈ ಸ್ಥಿತಿಯನ್ನು ರೋಗವೆಂದು ತನ್ನ ಪಟ್ಟಿಗೆ ಸೇರಿಸಿತು. ಹೇಡಿತನದಿಂದ ರೋಗದವರೆಗೆ ಬರಲು ಅರುವತ್ತು ಎಪ್ಪತ್ತು ವರ್ಷ ಹಿಡಿಯಿತು. ನಮ್ಮ ಠಾಣೆಗಳಲ್ಲಿ, ಕಚೇರಿಗಳಲ್ಲಿ ಆ ದಾರಿ ಇನ್ನೂ ಸವೆದಿಲ್ಲ. "ಗಂಡಸಲ್ಲವೇನಯ್ಯಾ" ಎಂಬ ಒಂದೇ ಮಾತಿನಲ್ಲಿ ವೈದ್ಯಕೀಯವೆಲ್ಲ ಮುಗಿದುಹೋಗುತ್ತದೆ.

ನಮಗೆ ಯುದ್ಧ ಬೇಕಾಗಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿಸಿತು. ನಾವು ಮನೆಯಿಂದ ಹೊರಗೆ ಬಂದು ಭೂಕಂಪವೇ ಎಂದು ಮಾತಾಡಿಕೊಂಡೆವು. ಆ ಕತ್ತಲಲ್ಲಿ ಟಾರ್ಚು ಹಿಡಿದು ಕ್ವಾರಿಯ ಒಳಗೆ ಹೋದವರು ಪೊಲೀಸರು, ಬೆಂಕಿಯವರು. ಸಾಗರ ತಾಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಮಂಗನ ಕಾಯಿಲೆ ಹಬ್ಬಿ ಜನ ಸಾಯತೊಡಗಿದಾಗ ಮನೆ ಮನೆಗೆ ನಡೆದವರು ಆಶಾ ಹೆಣ್ಣುಮಕ್ಕಳು. ಸತ್ತವರು ಅವರ ನೆಂಟರು, ನೆರೆಯವರು. ಪಟ್ಟಣದ ನೌಕರನಿಗೂ ನಮ್ಮವರಿಗೂ ಇರುವ ವ್ಯತ್ಯಾಸ ಇದೇ: ಆಗುಂಬೆ ಘಾಟಿಯಲ್ಲೋ ಹುಲಿಕಲ್ಲಿನಲ್ಲೋ ಉರುಳಿದ ಗಾಡಿಯ ಬಾಗಿಲು ಒಡೆದು ನೋಡಿದರೆ ಒಳಗಿರುವುದು ಗುರುತಿನ ಮುಖ. ಹೆಂಗಸರು ಕುಡಿಯುವುದಿಲ್ಲ, ಎದೆ ಉರಿ, ತಲೆನೋವು ಎನ್ನುತ್ತಾರೆ, ಮಾತ್ರೆ ನುಂಗುತ್ತಾರೆ. ಅವರ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ.

ಸರ್ಕಾರದ ಮಾತಿಗೆ ಬರೋಣ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಒಳ್ಳೆಯದೇ ಆಯಿತು ಎಂದೆವು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಸರ್ಕಾರದ್ದೇ ಆದ ಸಂಸ್ಥೆ ಮದ್ಯದಂಗಡಿ ನಡೆಸುತ್ತದೆ. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಬರುತ್ತದೆ. ಮದ್ಯವನ್ನು ನಿಲ್ಲಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಬೊಕ್ಕಸ ಬೇರೆ ಹೇಳುತ್ತದೆ. ನಿಲ್ಲಿಸುವ ವಾದ ಇರಲಿ. ಇಷ್ಟು ಹಣ ಪಡೆಯುವವರು ಅದರ ಒಂದು ಪಾಲನ್ನು ತಾಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಗೆ, ಒಬ್ಬ ಕಾಯಂ ಮನೋವೈದ್ಯನಿಗೆ ಕೊಡಲಿ.

ಆಗುವುದಿಲ್ಲ ಎಂದು ಹೇಳಬೇಡಿ. ಆಗಿದೆ, ನಮ್ಮಲ್ಲಿಯೇ ಆಗಿದೆ. ಬೆಂಗಳೂರಿನ ನಿಮ್ಹಾನ್ಸಿನವರು 2005ರಿಂದ ತೀರ್ಥಹಳ್ಳಿ ತಾಲೂಕಿನಲ್ಲಿ ಚಿಕಿತ್ಸೆ ಕಾಣದೆ ಮನೆಗಳಲ್ಲಿ ಉಳಿದಿದ್ದ ತೀವ್ರ ಮನೋರೋಗಿಗಳನ್ನು ಹುಡುಕಿ, ಊರಿನಲ್ಲಿಯೇ ಔಷಧ ಸಿಗುವಂತೆ ಮಾಡಿದರು. ಔಷಧ ತೆಗೆದುಕೊಂಡವರು ಮತ್ತೆ ದುಡಿಮೆಗೆ, ಮನೆವಾರ್ತೆಗೆ ಮರಳಿದರು. ಹುಚ್ಚೆಂದು ಕೋಣೆಗೆ ನೂಕಿದವರಿಗೇ ಇದು ಸಾಧ್ಯವಾದರೆ, ಕೆಲಸದ ಭಾರಕ್ಕೆ ಬಾಗಿದವರಿಗೆ ಯಾಕೆ ಆಗದು? 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದಿದೆ. ಹಕ್ಕನ್ನು ಭಿಕ್ಷೆಯಂತೆ ಕೇಳಬೇಡಿ.

ಕೇಳಬೇಕಾದದ್ದು ಬಹಳವೇನಿಲ್ಲ. ಹೆಣ ಎತ್ತಿದ ದಿನ ಮರುಪಾಳಿಗೆ ಕರೆಯಬಾರದು. ಬದಲಿ ಬಂದಿಲ್ಲವೆಂದು ಹನ್ನೆರಡು ಗಂಟೆ ದುಡಿದವನನ್ನು ಮತ್ತೆ ಗಾಡಿಗೆ ಕೂರಿಸಬಾರದು. ಮನೋವೈದ್ಯರ ಚೀಟಿ ತಂದವನನ್ನು ಗುತ್ತಿಗೆಯಿಂದ ತೆಗೆಯಬಾರದು. ಈ ಒಂದು ಭಯ ಹೋದರೆ ಅರ್ಧ ರೋಗ ಹೊರಗೆ ಬರುತ್ತದೆ. ಕುಡಿದು ಗಾಡಿ ಓಡಿಸಿದವನನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. ಹಿಂದೆ ಮಲಗಿದವನೂ ಬಡವನೇ.

ಒಂದು ಎಚ್ಚರಿಕೆಯನ್ನು ಬರೆದುಕೊಳ್ಳಿ. ವರ್ಷಗಟ್ಟಲೆ ದಿನವೂ ಕುಡಿದವನು ಈ ಭಾಷಣ ಕೇಳಿ ಇವತ್ತೇ ದೇವರ ಮುಂದೆ ಆಣೆ ಇಟ್ಟು ಒಮ್ಮೆಲೇ ಬಿಡಬಾರದು. ಮೊದಲ ದಿನ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ಭ್ರಮೆ ಹಿಡಿಯಬಹುದು. ಅದು ಗಾಳಿ ಸೋಕಿದ್ದಲ್ಲ. ತಡಮಾಡಿದರೆ ಪ್ರಾಣ ಹೋಗುತ್ತದೆ. ಆಸ್ಪತ್ರೆಯಲ್ಲಿ ಔಷಧ, ಬಿ ಒಂದು ಜೀವಸತ್ವದ ಸೂಜಿ ಕೊಟ್ಟು ಕೆಲವು ದಿನಗಳಲ್ಲಿ ಸುರಕ್ಷಿತವಾಗಿ ಬಿಡಿಸುತ್ತಾರೆ. ರಾತ್ರಿ ಹೊತ್ತು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ಕಾಸಿಲ್ಲ.

ಸಭೆ ಶುರುವಾಗುವ ಮುಂಚೆ ಹಿಂದಿನ ಸಾಲಿನ ತಾಯಿಯೊಬ್ಬರು ಕೇಳಿದರು: ಕುಡಿದು ಬಂದ ರಾತ್ರಿ ಜಗಳ ಆಡಬೇಕೋ, ಸುಮ್ಮನಿರಬೇಕೋ? ಅಮ್ಮಾ, ಆ ರಾತ್ರಿ ಏನೂ ಕೇಳಬೇಡಿ, ಅವನ ಕಿವಿ ಮನೆಯಲ್ಲಿರುವುದಿಲ್ಲ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ. ಹೊಡೆತಕ್ಕೆ ಯಾವ ರೋಗದ ಮಾಫಿಯೂ ಇಲ್ಲ. ಬೆಳಿಗ್ಗೆ ಕಾಫಿ ಕೊಟ್ಟು, ಎಷ್ಟು ಕುಡಿದೆ ಎಂದು ಕೇಳುವ ಬದಲು, ನಿನ್ನೆ ಏನು ಕಂಡೆ ಎಂದು ಕೇಳಿ. ಆಸ್ಪತ್ರೆಗೆ ಹೋಗುವ ದಿನ ನೀವೂ ಜೊತೆಗೆ ಹೊರಡಿ. ಒಬ್ಬನನ್ನೇ ಕಳಿಸಿದರೆ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬರುತ್ತಾನೆ.